ಕೆಳಗಿನ ಮನೆಯವರ ರುಜು

ನಮ್ಮ ಬೀದಿ ಕೆರೆಯ ಕಡೆಗೆ ಇಳಿಜಾರು. ಹೊಸಿಲಿನ ಒಳಗೆ ಮಾಡಿದ ಸದ್ದು ಮಾಡಿದವರಿಗೆ ಕೇಳಿಸುವುದಿಲ್ಲ, ಕೆಳಗಿನ ಮನೆಗೆ ಇಳಿದುಹೋಗುತ್ತದೆ. ಜಗಲಿಗೆ ಬಂದು ಆಡಿದರೆ ಮಾತು ಎಲ್ಲ ಊರಿನ ಹಾಗೆಯೇ ಮಾತಾಗಿ ಕೇಳುತ್ತದೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಎಂಟು ದಿನ ತಲೆ ಗಿರ್ರೆನ್ನುತ್ತದೆ. ತಾವು ಬೀಳಿಸಿದ ತಟ್ಟೆ ತಮಗೇ ಕೇಳಿಸದೆ, ಮೇಲಿನ ಮನೆಯವರು ಬೀಳಿಸಿದ ತಟ್ಟೆಗೆ ಬೆಚ್ಚಿ ಬೀಳುತ್ತಾರೆ. ಒಂಬತ್ತನೆಯ ದಿನ ಒಗ್ಗಿಹೋಗುತ್ತದೆ. ನಾನು ಬಂದು ನಲವತ್ತೆಂಟು ವರ್ಷ. ನನಗೆ ಬೇರೆ ಊರಿನವರ ಬದುಕೇ ವಿಚಿತ್ರವಾಗಿ ಕಾಣುತ್ತದೆ. ತಮ್ಮ ಗೊರಕೆ ಹೆಂಡತಿಗೆ ಕೇಳಿಸುವ ಊರಿನಲ್ಲಿ ಗಂಡಸರು ಬೆಳಿಗ್ಗೆ ಯಾವ ಮುಖ ಹೊತ್ತು ಏಳುತ್ತಾರೋ.

ನನ್ನ ಮೇಲಿನ ಮನೆ ಬಸಮ್ಮನದು. ಅಲ್ಲಿ ಬಸಮ್ಮ, ಅವಳ ಹಿರಿಯ ಮಗ ಲೋಕೇಶ, ಸೊಸೆ ಜಯಶೀಲ. ಅವರ ಕುಕ್ಕರ್ ಮೂರು ಸಲ ಕೂಗಿದರೆ ನಾನು ಜಗಲಿಗೆ ಬಂದು, “ಜಯಶೀಲಾ, ಮೂರಾಯ್ತು ಕಣೇ, ಇಳಿಸು” ಅನ್ನಬೇಕು. ನನ್ನ ಕುಕ್ಕರಿನ ಲೆಕ್ಕ ಕೆಳಗಿನ ಮನೆಯ ಚನ್ನವೀರಪ್ಪನವರದು. ಅವರು ಗಡಿಯಾರ ರಿಪೇರಿಯವರು. ಗಡಿಯಾರದ ಟಿಕ್ ಟಿಕ್ ಕೇಳಿಸಬೇಕಲ್ಲ, ಅದಕ್ಕೆ ಮೇಜು ಹಾಕಿಕೊಂಡು ದಿನವಿಡೀ ಜಗಲಿಯಲ್ಲೇ ಕೂರುತ್ತಾರೆ. ಅವರ ರೇಡಿಯೋ ಇರುವುದು ನನ್ನ ಅಡುಗೆಮನೆಯ ಗೂಡಿನಲ್ಲಿ. ವಾರ್ತೆಯ ಹೊತ್ತಿಗೆ ನಾನು ಅದರ ಕಿವಿ ತಿರುಗಿಸುತ್ತೇನೆ, ಅವರು ಒಳಗೆ ಹೋಗಿ ಕೇಳಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ದೀಪ ಹತ್ತಿ ಆರುವ ಒಂದು ಪೆಟ್ಟಿಗೆ, ಅಷ್ಟೆ.

ಮನೆ ಹೊಗುವಾಗ ನಾವೆಲ್ಲ ಮೇಲಿನ ಗೋಡೆಗೆ ಅಂಗೈ ಇಟ್ಟು ಮಾತು ಕೊಡುತ್ತೇವೆ. ಮಗು ಅತ್ತರೆ ಹೇಳುತ್ತೇನೆ, ಬೆಂಕಿ ಹತ್ತಿದರೆ ಹೇಳುತ್ತೇನೆ, ಯಾರಾದರೂ ಬಿದ್ದರೆ ಹೇಳುತ್ತೇನೆ, ಉಳಿದದ್ದು ನನ್ನಲ್ಲೇ ಇರುತ್ತದೆ ಎಂದು. ಕುಕ್ಕರ್ ಆಮೇಲೆ ಸೇರಿದ್ದು. ಈ ಮಾತು ಇರುವುದರಿಂದಲೇ ಜನ ಒಳಗೆ ಧೈರ್ಯವಾಗಿ ಬದುಕುತ್ತಾರೆ. ಬಾಯಿಗೆ ಸೆರಗು ಅಡ್ಡ ಹಿಡಿದರೆ ಸಾಕು, ಎದುರಿಗೆ ಕೂತ ಅತ್ತೆಯನ್ನೇ ಬೈಯಬಹುದು. ಗಂಡಹೆಂಡಿರು ಒಂದು ಮಾತು ಆಡಬೇಕಾದರೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಾರೆ. ನನಗೂ ನಮ್ಮವರಿಗೂ ಅಕ್ಷರ ಬರುತ್ತಿರಲಿಲ್ಲ. ಉಪ್ಪು ಮುಗಿದಿದೆ ಅನ್ನಲೂ ಜಗಲಿಗೆ ಬರುತ್ತಿದ್ದೆವು, ನಮ್ಮ ಉಪ್ಪಿನ ಸಮಾಚಾರ ಬೀದಿಗೆಲ್ಲ ಗೊತ್ತಿರುತ್ತಿತ್ತು. ಅವರು ಹೋದ ಮೇಲೆ ನಾನು ಬೀದಿಯ ಮೇಲಿನ ತುದಿಯ ಕಚೇರಿಯ ಬಯಲಿನಲ್ಲಿ ನಡೆಯುತ್ತಿದ್ದ ರಾತ್ರಿ ಶಾಲೆಗೆ ಸೇರಿ ಓದು ಬರಹ ಕಲಿತೆ. ಆಗ ಸ್ಲೇಟು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಕಲಿತೆ.

ಈಗ ಜಯಶೀಲಳ ವಿಷಯ. ಅವಳು ಖಾನಾವಳಿಗಳಿಗೆ ಖಾರದ ಪುಡಿ ಕುಟ್ಟಿ ಕೊಡುತ್ತಾಳೆ. ಗಂಡ ಬಸ್ ಡಿಪೋಗೆ ಹೋದ ಮೇಲೆ, ಹನ್ನೆರಡಕ್ಕೆ ಒನಕೆ ಹಿಡಿದರೆ ಒಂದೂವರೆ ತನಕ ಧಡ್ ಧಡ್ ಎಂದು ಕುಟ್ಟುವಳು. ಬರಿಯ ಒನಕೆಯಾದರೆ ಹೇಗೋ ಸಹಿಸುತ್ತಿದ್ದೆ. ಪ್ರತಿ ಏಟಿಗೂ ಒಂದು ಬೈಗುಳ ಹಾಕುತ್ತಿದ್ದಳು, ಎದುರಿಗೆ ಗೋಡೆಗೆ ಒರಗಿ ಕೂತ ಬಸಮ್ಮನಿಗೆ. ಬಸಮ್ಮನ ಕಣ್ಣು ಮಂಜು. ಸೊಸೆಯ ಬಾಯಿ ಆಡುವುದು ಕಾಣುತ್ತದೆ, ಏನು ಆಡುತ್ತದೆ ಎಂಬುದು ಕಾಣುವುದಿಲ್ಲ. ಸಂಜೆ ಜಗಲಿಗೆ ಬಂದು ನನ್ನ ಹತ್ತಿರ ಹೇಳುತ್ತಿದ್ದಳು, “ನಂಜಿ, ನಮ್ಮ ಜಯಶೀಲ ಎಂಥ ಹುಡುಗಿ ಗೊತ್ತಾ. ನಂಗೆ ಬೇಜಾರಾಗುತ್ತೆ ಅಂತ ಕುಟ್ಟೋವಾಗ ಹಾಡು ಹೇಳ್ತಾಳೆ. ಕೇಳಿಸಲ್ಲ ಅಂತ ಗೊತ್ತಿದ್ರೂ ಹೇಳ್ತಾಳೆ ನೋಡು.” ನಾನು ಹೂಂ ಅನ್ನುತ್ತಿದ್ದೆ. ಗೋಡೆಗೆ ಮಾತು ಕೊಟ್ಟವಳು ನಾನು.

ಮೊದಮೊದಲು ನನಗೆ ನಗು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. “ನಿನ್ನ ಮೊಣಕಾಲಿಗೆ ಹಚ್ಚಿದ ಎಣ್ಣೇಲಿ ಊರಿಗೆಲ್ಲ ಬೋಂಡ ಕರೀಬಹುದಿತ್ತು” ಅಂದದ್ದು ಕೇಳಿ ಒಬ್ಬಳೇ ಹೊಟ್ಟೆ ಹಿಡಿದುಕೊಂಡಿದ್ದೇನೆ. ಆದರೆ ವರ್ಷಗಟ್ಟಲೆ ದಿನಾ ಒಂದೂವರೆ ತಾಸು ಅಂದರೆ ಯಾರ ತಲೆ ತಡೆಯುತ್ತದೆ. ರಕ್ತದೊತ್ತಡದ ಮಾತ್ರೆ ನುಂಗಿ ಮಲಗಿದರೆ ಒನಕೆ ನನ್ನ ನೆತ್ತಿಯ ಮೇಲೇ ಬಿದ್ದ ಹಾಗಾಗುತ್ತಿತ್ತು. ಎರಡು ಸಲ ಜಗಲಿಯಲ್ಲಿ ನಿಲ್ಲಿಸಿ ಹೇಳಿದೆ, “ಒನಕೆ ಸ್ವಲ್ಪ ಮೆತ್ತಗೆ ಹಾಕೇ ತಾಯಿ.” ಅವಳು, “ಮೆತ್ತಗೆ ಹಾಕಿದ್ರೆ ಮೆಣಸಿನಕಾಯಿ ತಾನಾಗೇ ಪುಡಿಯಾಗುತ್ತಾ ನಂಜಮ್ಮಾ? ನನ್ನ ಮನೆ ಸದ್ದು ನನಗೇನು ಕೇಳಿಸುತ್ತಾ?” ಅಂದು ಒಳಗೆ ಹೋದಳು. ಆ ಮಾತು ನನಗೆ ನಾಟಿತು. ಬೀದಿಯಲ್ಲಿ ನನ್ನಷ್ಟು ಸದ್ದಿಲ್ಲದ ಮನೆ ಇನ್ನೊಂದಿಲ್ಲ ಎಂದು ನನಗೆ ಹೆಮ್ಮೆ. ಒಂಟಿ ಹೆಂಗಸು, ಒಂದು ಕುಕ್ಕರ್, ಒಂದು ಪೊರಕೆ. ಸಹಿಸುವವಳಿಗೇ ಕಾನೂನು ಇಲ್ಲವೇ ಎಂದುಕೊಂಡು ಸದ್ದಿನ ದೂರು ಕೇಳುವ ಕಚೇರಿಗೆ ಹೋದೆ.

ಕಚೇರಿ ಇರುವುದು ಬೀದಿಯ ಎಲ್ಲಕ್ಕಿಂತ ಮೇಲಿನ ತುದಿಯಲ್ಲಿ. ಅದಕ್ಕೆ ಯಾರ ಸದ್ದೂ ಇಳಿಯುವುದಿಲ್ಲ. ಗುಮಾಸ್ತ ಪರಮಶಿವಯ್ಯ ಜಗಲಿಗೆ ಕುರ್ಚಿ ತಂದು ಕೂತು ನಿಯಮ ಹೇಳಿದ. “ಮೂವತ್ತು ದಿನ ಪುಸ್ತಕ ಬರೀಬೇಕು ತಾಯಿ. ತಾರೀಕು, ಹೊತ್ತು, ಎಂಥ ಸದ್ದು, ಎಷ್ಟು ಹೊತ್ತು. ಮಾತು ಕೇಳಿಸಿದ್ರೆ ‘ಮಾತು’ ಅಂತಷ್ಟೇ ಬರೀರಿ. ಏನು ಮಾತು ಅಂತ ಬರೀಬೇಡಿ, ಅದು ಗೋಡೆಗೆ ಕೊಟ್ಟ ಮಾತಿಗೆ ತಪ್ಪಿದ ಹಾಗೆ. ಆಮೇಲೆ ನಿಮ್ಮ ಕೆಳಗಿನ ಮನೆಯವರ ರುಜು ಬೇಕು, ನಿಮ್ಮ ಮನೆ ಸದ್ದು ಮಿತಿಯಲ್ಲಿದೆ ಅಂತ. ಅದಾದ ಮೇಲೆ ನಾನೇ ಬಂದು ಎರಡೂ ಮನೆಯವರ ಮುಂದೆ ಜಗಲಿಯಲ್ಲಿ ಪುಸ್ತಕ ಓದಿಸ್ತೀನಿ. ರುಜುವಾತಾದ್ರೆ ಆರು ತಿಂಗಳು ಅವರು ಆ ಕೆಲಸ ಜಗಲಿ ಮೇಲೇ ಮಾಡ್ಬೇಕು, ಬೀದಿ ಎದುರಿಗೆ.” ನಾನು ಕೇಳಿದೆ, “ಕೆಳಗಿನವರು ರುಜು ಹಾಕದಿದ್ರೆ?” ಅವನು ನಕ್ಕ. “ಆಗ ಆ ಶಿಕ್ಷೆ ನಿಮಗೇ. ಆದ್ರೆ ನಿಮ್ಮಂಥವರ ಮೇಲೆ ಯಾರು ದೂರು ಹೇಳ್ತಾರೆ ಬಿಡಿ.”

ಆ ದಿನವೇ ಇನ್ನೂರು ಪುಟದ ಪುಸ್ತಕ ತಂದೆ. ಮೊದಲ ಎರಡು ದಿನ ನಿಯಮದ ಪ್ರಕಾರವೇ ಬರೆದೆ. ಒನಕೆ, ಮಾತು, ಒಂದೂವರೆ ತಾಸು. ಮೂರನೆಯ ದಿನ ಕೈ ಕೇಳಲಿಲ್ಲ. ಅಕ್ಷರ ಕಲಿತು ಹನ್ನೊಂದು ವರ್ಷವಾಗಿತ್ತು, ಬರೆಯುವಂಥದ್ದು ಎಂದು ಒಂದೂ ಸಿಕ್ಕಿರಲಿಲ್ಲ. ಹಾಲಿನವನಿಗೆ ನಾಳೆ ಬೇಡ ಎಂದು ಬರೆದಿದ್ದೆ, ಅಷ್ಟೇ. ಈಗ ಕಿವಿಯ ತುಂಬ ಬರೆಯುವಂಥ ಮಾತು. ಜಯಶೀಲ ಕುಟ್ಟಿ ಮುಗಿಸಿದ ಮೇಲೆ ನಾನು ಕಿಟಕಿಯ ಹತ್ತಿರ ಕೂತು, ಮೇಷ್ಟ್ರು ಕಲಿಸಿದ ಹಾಗೆ ಒಂದೊಂದೇ ಅಕ್ಷರ ಹೇಳಿಕೊಳ್ಳುತ್ತ, ಅವಳು ಅಂದದ್ದನ್ನೆಲ್ಲ, ಆ ಹಳೆಯ ಬೋಂಡದ ಬೈಗುಳವನ್ನೂ ಸೇರಿಸಿ, ಒಂದೂ ಬಿಡದೆ ಇಳಿಸಿದೆ. ಯಾರಿಗೂ ತೋರಿಸುವುದಿಲ್ಲ, ಓದುವ ದಿನ ‘ಮಾತು’ ಎಂದಷ್ಟೇ ಓದುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೆರಡನೆಯ ದಿನ ಬೈಗುಳದ ದಾರಿಯೇ ಬೇರೆಯಾಯಿತು. ಬಸಮ್ಮನ ಕಿರಿಯ ಮಗ ಚಿದಾನಂದ ದೂರದಲ್ಲೆಲ್ಲೋ ಅಣೆಕಟ್ಟಿನ ಕೆಲಸದಲ್ಲಿದ್ದಾನೆ ಎಂದು ಬೀದಿಗೆಲ್ಲ ಗೊತ್ತಿತ್ತು. ಹದಿನೈದು ದಿನಕ್ಕೊಂದು ಕಾಗದ ಬರುತ್ತಿತ್ತು. ಜಯಶೀಲ ಅದನ್ನು ಜಗಲಿಯಲ್ಲಿ ಓದಿ ಹೇಳುವಳು, ಬಸಮ್ಮ ಉತ್ತರ ಹೇಳಿ ಬರೆಸುವಳು. ಅವತ್ತು ಒನಕೆಯ ಸದ್ದು ನಿಂತಿತು, ಬರಿಯ ದನಿ ಮಾತ್ರ ಇಳಿದು ಬಂತು. “ನಿನ್ನ ಮಗ ಅಣೆಕಟ್ಟು ಕಟ್ತಾ ಇಲ್ಲ ಕಣೇ ಮುದುಕಿ. ಜೈಲಲ್ಲಿದ್ದಾನೆ. ಹೊಡೆದಾಟದಲ್ಲಿ ಒಬ್ಬನ ಕಣ್ಣು ತೆಗೆದು ಕೂತಿದ್ದಾನೆ. ಮೂರು ವರ್ಷದಿಂದ ಅವನ ಹೆಸರಲ್ಲಿ ಕಾಗದ ಬರೆದು ಅಂಚೆಗೆ ಹಾಕೋಳು ನಾನು. ಓದಿ ಹೇಳೋಳೂ ನಾನು. ನೀನು ಹೇಳಿದ್ದನ್ನ ಬರ್ಕೊಂಡು ಅಕ್ಕಿ ಡಬ್ಬದ ತಳಕ್ಕೆ ಹಾಕೋಳೂ ನಾನು. ನಿನ್ನ ದೊಡ್ಡ ಮಗ ಹೇಳ್ಬೇಡ ಅಂತ ಒಂದು ಮಾತು ಬರೆದಿಟ್ಟು ಡಿಪೋಗೆ ಹೋದ. ನಾನು ದಿನಾ ನಿನ್ನ ಮುಖ ನೋಡ್ಬೇಕು.” ಆಮೇಲೆ ಅಳುವ ಸದ್ದು. ಆಮೇಲೆ ಒನಕೆ.

ಅದನ್ನೂ ಬರೆದೆ. ಎಂದಿಗಿಂತ ನಿಧಾನವಾಗಿ, ಒತ್ತಕ್ಷರ ತಪ್ಪದ ಹಾಗೆ ಬರೆದೆ. ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ದೂರು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಅವಳ ಕಷ್ಟ ಅವಳದು, ನನ್ನ ತಲೆನೋವು ನನ್ನದು ಅಂದುಕೊಂಡೆ.

ಮೂವತ್ತು ದಿನ ತುಂಬಿತು. ಮಾರನೆಯ ಬೆಳಿಗ್ಗೆ ಗುಮಾಸ್ತ ಬರುವವನಿದ್ದ. ಮಧ್ಯಾಹ್ನ ಊಟ ಮುಗಿಸಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು, ರುಜುವಿನ ಕಾಗದ ಹಿಡಿದು ಚನ್ನವೀರಪ್ಪನವರ ಜಗಲಿಗೆ ಹೋದೆ. ಅವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಂದು ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ವಿಷಯ ಹೇಳಿದೆ. ಅವರು ಗಾಜು ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

“ಹಾಕ್ತೀನಿ ನಂಜಮ್ಮಾವ್ರೇ. ಆದ್ರೆ ಒಂದು ಮಾತು. ಹತ್ತೊಂಬತ್ತನೇ ದಿನದ್ದರಲ್ಲಿ ‘ಕುಂಬಳಕಾಯಿ ಮೋರೆ’ ಅಂತ ಬರೆದು ಹೊಡೆದುಹಾಕಿದ್ರಲ್ಲ, ಅದು ‘ಸೋರೆಕಾಯಿ ಮೋರೆ’ ಅಂತ ಆಮೇಲೆ ನೆನಪಾಯ್ತಲ್ಲ ನಿಮಗೆ, ತಿದ್ದಿದ್ರಾ?”

ನಾನು ಪುಸ್ತಕ ಮುಟ್ಟಿ ನೋಡಿಕೊಂಡೆ. ಕಂಕುಳಲ್ಲೇ ಇತ್ತು. “ನೀವು ಇದನ್ನ ಯಾವಾಗ ನೋಡಿದ್ರಿ?”

“ನೋಡಿಲ್ಲಮ್ಮ. ಕೇಳಿದ್ದು.”

“ಏನು ಕೇಳಿದ್ದು?”

“ನೀವು ಬರೆಯೋದು.” ಅವರು ಗಡಿಯಾರದ ಕಡೆಗೆ ನೋಡುತ್ತ ಹೇಳಿದರು. “ಒಂದೊಂದೇ ಅಕ್ಷರ ಹೇಳ್ಕೊಂಡು ಬರೀತೀರಲ್ಲ. ಕ ಕೊಂಬು ಕು, ಸೊನ್ನೆ, ಬ, ಳ. ಆಮೇಲೆ ಇಡೀ ಸಾಲು ಒಂದ್ಸಲ ಜೋರಾಗಿ ಓದ್ತೀರಿ.”

“ನಾನು ತುಟಿಯಲ್ಲಿ ಹೇಳ್ಕೊಳ್ಳೋದು.”

“ನಮ್ಮ ಗೋಡೆ ಮೇಲಿನ ಮೊಳೆ ಅಲುಗಾಡುತ್ತೆ.”

ರಾತ್ರಿ ಶಾಲೆಯ ಮೇಷ್ಟ್ರಿಗೆ ಕಿವಿ ಮಂದ. ಬಯಲಿನಲ್ಲಿ ನಲವತ್ತು ಜನ ಕೂಗಿ ಬರೆಯದಿದ್ದರೆ ಅವರು ಬೆತ್ತ ಕುಟ್ಟುತ್ತಿದ್ದರು. ಮನೆಗೆ ಬಂದು ಹಾಗೆಯೇ ಮಾಡಿದೆ. ನನ್ನ ದನಿ ನನಗೆ ಕೇಳಿಸದ್ದರಿಂದ ಅದು ಮೆತ್ತಗಿದೆ ಎಂದುಕೊಂಡೆ. ಹನ್ನೊಂದು ವರ್ಷ. ಪಾಠದ ಪುಸ್ತಕ, ಹಳೆಯ ಪೇಪರು, ನಮ್ಮವರು ಹೋದ ತಿಥಿಯ ದಿನ ಅವರಿಗೆಂದು ಬರೆದು ಒಲೆಗೆ ಹಾಕಿದ ಕಾಗದ, ಇದೇ ಚನ್ನವೀರಪ್ಪನವರ ರೇಡಿಯೋ ಕೆಟ್ಟುಹೋಗಲಿ ಎಂದು ಸಿಟ್ಟಿನಲ್ಲಿ ಬರೆದ ಸಾಲು, ಎಲ್ಲವೂ ಈ ಮನುಷ್ಯನ ಮನೆಗೆ ಇಳಿದಿತ್ತು. ಬೀದಿಯ ನಡುವೆ ಸೀರೆ ಬಿಚ್ಚಿ ನಿಂತವಳ ಹಾಗೆ ಆಗಿತ್ತು ನನಗೆ, ಅದೂ ಹನ್ನೊಂದು ವರ್ಷದಿಂದ.

“ಒಂದು ಮಾತು ಹೇಳಬಾರದಿತ್ತಾ?”

“ಮೂರು ಸಲ ಹೇಳೋಣ ಅಂತ ಬಂದೆ. ನೀವು ಬೀದಿಯಲ್ಲೆಲ್ಲ ನನ್ನ ಮನೆಯಷ್ಟು ಸದ್ದಿಲ್ಲದ ಮನೆ ಇಲ್ಲ ಅಂತ ಹೇಳ್ತಾ ಇದ್ರಿ. ಬಾಯಿ ಬರಲಿಲ್ಲ.”

ಆಗ ನೆನಪಾಯಿತು ಹನ್ನೆರಡನೆಯ ದಿನ. “ಚಿದಾನಂದನ ವಿಷಯ?”

ಅವರು ತಲೆ ತಗ್ಗಿಸಿದರು. “ನೀವು ಯಾರಿಗೂ ಹೇಳಿಲ್ಲ ತಾನೇ” ಅಂದೆ. “ಜಗಲಿಯಲ್ಲಿ ಒಬ್ಬರ ಹತ್ರನೂ ಆಡಿಲ್ಲಮ್ಮ. ನನ್ನ ಗೋಡೆಯಾಣೆ” ಅಂದರು. ಗಾಜು ಮತ್ತೆ ತೆಗೆದು, “ಮನಸ್ಸಿಗೆ ತುಂಬ ಸಂಕಟ ಆಗಿತ್ತು. ಒಳಗೆ ಗಡಿಯಾರಗಳಿಗೆ ಕೀ ಕೊಡ್ತಾ, ಬೈಗುಳವನ್ನೂ ಬಿಡದೆ ಎಲ್ಲ ಅವುಗಳ ಮುಂದೆ ಹೇಳ್ಕೊಂಡೆ” ಅಂದರು.

ನಾವಿಬ್ಬರೂ ಒಟ್ಟಿಗೇ ಕೆಳಗಿನ ಮನೆಯ ಕಡೆ ತಿರುಗಿದೆವು. ಅಷ್ಟು ವರ್ಷ ಈ ಊರಿನಲ್ಲಿ ಬದುಕಿದ ಮನುಷ್ಯ, ತನ್ನ ಮಾತೂ ಇಳಿಯುತ್ತದೆ ಎಂಬುದನ್ನು ಆ ಗಳಿಗೆಯ ತನಕ ಯೋಚಿಸಿರಲಿಲ್ಲ. ಅವರನ್ನು ಏನೆಂದು ಬೈಯಲಿ. ನಾನು ಯೋಚಿಸಿದ್ದೆನೇ?

ಕೆಳಗಿನ ಮನೆ ನರ್ಸ್ ರೋಸಮ್ಮನದು. ಡ್ಯೂಟಿ ಮುಗಿಸಿ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ನನ್ನ ಮುಖ ನೋಡಿದವಳೇ ಎದ್ದು ನಿಂತಳು. “ನಾನು ಯಾರಿಗೂ ಹೇಳಿಲ್ಲ ನಂಜಮ್ಮ. ಮಾತೆಯ ಪಟದ ಮುಂದೆ ಮೊಂಬತ್ತಿ ಹಚ್ಚಿ, ಜೈಲಲ್ಲಿರೋ ಆ ಹುಡುಗನ್ನ ಕಾಪಾಡು, ಬೋಂಡದ ಬೈಗುಳಕ್ಕೆ ನಕ್ಕಿದ್ದನ್ನ ಕ್ಷಮಿಸು ಅಂತ ದಿನಾ ಕೇಳ್ಕೊಂಡೆ, ಅಷ್ಟೇ. ಹೆಸರು ಹೇಳದೆ ಕೇಳಿಕೊಂಡ್ರೆ ಯಾವ ಹುಡುಗ ಅಂತ ಗೊತ್ತಾಗಬೇಕಲ್ಲ ಅವಳಿಗೆ.” ಅವಳ ಕೆಳಗೆ ಸೈಕಲ್ ಷಾಪಿನ ರಜಾಕ್ ಸಾಹೇಬರು. ಹೆಂಡತಿಗೆ ಸ್ಲೇಟಿನಲ್ಲಿ ಬರೆದು ತೋರಿಸಿದರಂತೆ. “ಬರೆಯೋವಾಗ ಬಾಯೂ ಆಡುತ್ತಮ್ಮ, ಅದೇನು ಅಭ್ಯಾಸವೋ” ಅಂದರು. ಅವರ ಕೆಳಗಿನದೇ ಕೊನೆಯ ಮನೆ, ಬಲೆ ಹೆಣೆಯುವ ದಾಸಪ್ಪನದು. ದಾಸಪ್ಪ ಒಂಟಿ. ಅವನೂ ಅವನ ಮೇಕೆಯೂ ಒಂದೇ ಕೋಣೆಯಲ್ಲಿ ಇರುತ್ತಾರೆ. “ಮೇಕೆಗೆ ಹೇಳಿದೆ” ಅಂದ. “ಅದು ಯಾರಿಗೆ ಹೇಳುತ್ತೆ?”

“ನಿನ್ನ ಮನೆ ಸದ್ದು ಎಲ್ಲಿಗೆ ಇಳಿಯುತ್ತೆ ದಾಸಪ್ಪ?”

“ನನ್ನ ಕೆಳಗೆ ಮನೆಯಿಲ್ಲ, ಯಾರಿಗೂ ತೊಂದರೆಯಿಲ್ಲ. ಕೆರೆ ಸೋಪಾನಕ್ಕೆ ಇಳಿಯುತ್ತೆ. ಮಧ್ಯಾಹ್ನ ಅಲ್ಲಿ ಯಾರಿರ್ತಾರೆ” ಎಂದವನು ತಾನೇ ಬಾಯಿ ಮುಚ್ಚಿಕೊಂಡ. ನನಗೂ ಅದೇ ಹೊತ್ತಿಗೆ ಹೊಳೆಯಿತು. ಜಯಶೀಲ ಕುಟ್ಟಿ ಮುಗಿಸಿದ ಮೇಲೆ, ಖಾರದ ಘಾಟು ತಡೆಯದೆ, ದಿನಾ ಮೂರು ಗಂಟೆಗೆ ಸೋಪಾನದ ಮೇಲೆ ಹೋಗಿ ನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವ ಒಬ್ಬಳೇ ಒಬ್ಬಳು ಹೆಂಗಸು ಇದ್ದಾಳೆ ಈ ಬೀದಿಯಲ್ಲಿ. ಬಸಮ್ಮ.

ಸೋಪಾನದ ಮೆಟ್ಟಿಲು ಇಳಿದೆ. ಅವಳು ಮೂರನೆಯ ಮೆಟ್ಟಿಲಿನಲ್ಲಿ ಕೂತಿದ್ದಳು. ಯಾವ ಮೇಕೆಯೂ ಇಲ್ಲದ ಕಡೆಯಿಂದ ಮೇಕೆ ಕೂಗಿದ ಸದ್ದು ನೀರಿನ ಮೇಲೆ ಬಂತು. ಬಸಮ್ಮ ತಿರುಗದೆಯೇ, “ಯಾರು, ನಂಜೀನಾ? ಬಾ, ಕೂತ್ಕೋ” ಅಂದಳು. ನಾನು ಕೂತೆ. ಅವಳೇ ಮಾತು ಶುರುಮಾಡಿದಳು.

“ಗೊತ್ತಾಗಿ ಹತ್ತು ದಿನ ಆಯ್ತು ಕಣೇ. ಮೊದಲು ಯಾರೋ ಜೈಲಿಗೆ ಹೋದ ಬೇರೆ ಹುಡುಗ ಅಂದ್ಕೊಂಡೆ. ಆಮೇಲೆ ಅವನು ಮೇಕೆಗೆ ಹೆಸರು ಹಿಡಿದು ಹೇಳ್ದ.” ಅವಳು ಕಾಲಿನಿಂದ ನೀರನ್ನು ಸ್ವಲ್ಪ ಅಲುಗಿಸಿದಳು. “ಒಬ್ಬನ ಕಣ್ಣು ಹೋಯ್ತಂತಲ್ಲ. ಆ ಹುಡುಗನಿಗೆ ಮದುವೆ ಆಗಿದೆಯಾ ಇಲ್ವಾ, ಅದೇನಾದ್ರೂ ಇದೆಯಾ ನಿನ್ನ ಪುಸ್ತಕದಲ್ಲಿ?”

“ಇಲ್ಲ ಬಸಮ್ಮ.”

“ಇರಲಿ ಬಿಡು.”

ನಾನು ತಪ್ಪಾಯಿತು ಅಂದೆ. ಎಷ್ಟು ಸಲ ಅಂದೆನೋ. ಅವಳು ಕೇಳಿಸಿಕೊಂಡಳೋ ಇಲ್ಲವೋ. “ಹಾಡು ಅಂದ್ಕೊಂಡಿದ್ದೆ ನಾನು” ಅಂದಳು. “ಅದೂ ಗೊತ್ತಾಯ್ತು. ಚೆನ್ನಾಗಿ ಬೈತಾಳಂತೆ. ಬೋಂಡದ್ದು ದಾಸಪ್ಪ ಹೇಳಿ ನಗ್ತಾ ಇದ್ದ. ನನಗೂ ನಗು ಬಂತು, ನಿಜ ಹೇಳ್ತೀನಿ. ಆಮೇಲೆ ಇಲ್ಲೇ ಕೂತು ಅತ್ತೆ.”

“ಜಯಶೀಲನಿಗೆ ಹೇಳಿದೆಯಾ, ನಿನಗೆ ಗೊತ್ತು ಅಂತ?”

“ಏನಂತ ಹೇಳ್ಲಿ? ಗೊತ್ತು ಅಂದ್ರೆ ನನ್ನ ಮುಖ ಹೇಗೆ ನೋಡ್ತಾಳೆ ಅವಳು? ಬೈಯೋದನ್ನ ಬಿಟ್ಟುಬಿಡ್ತಾಳೆ. ಬೈಗುಳ ಹೋದ್ರೆ ಆ ಹುಡುಗಿ ಮನೇಲಿ ನಿಲ್ಲಲ್ಲ ನಂಜಿ, ಹೊರಟುಹೋಗ್ತಾಳೆ. ಅವಳಿಗೆ ಅದೊಂದೇ ಬಾಗಿಲು ಇರೋದು ಉಸಿರಾಡೋಕೆ.” ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. “ನಾಳೆ ಕಚೇರಿಯವನು ಬರ್ತಾನಂತೆ, ಅದನ್ನೂ ದಾಸಪ್ಪ ಮೇಕೆಗೆ ಹೇಳ್ದ. ಅವಳನ್ನ ಜಗಲಿ ಮೇಲೆ ಕೂರಿಸಿ ಕುಟ್ಟಿಸ್ತಾನಂತೆ, ಆರು ತಿಂಗಳು. ಬೀದಿ ಎದುರಿಗೆ ಬೈಯೋಕಾಗುತ್ತಾ?”

ದಾಖಲಾದ ದೂರು ವಾಪಸು ತೆಗೆಯಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೀಳಿಸುವುದಕ್ಕೆ ಒಂದೇ ದಾರಿ ಇತ್ತು. ಏಳುವಾಗ ಅವಳ ಹೆಗಲು ಹಿಡಿದುಕೊಂಡು ಎದ್ದೆ. ದಾಸಪ್ಪ ಅಷ್ಟರಲ್ಲಿ ಮೇಕೆಯನ್ನು ಜಗಲಿಗೆ ತಂದು ಕಟ್ಟಿದ್ದ. ಪುಸ್ತಕವನ್ನು ಒಂದೊಂದೇ ಹಾಳೆ ಹರಿದು ಅದಕ್ಕೆ ಕೊಟ್ಟೆ. ಮೂವತ್ತು ದಿನ ಕೂತು ಬರೆದದ್ದನ್ನು ಅದು ಕಣ್ಣು ಅರೆ ಮುಚ್ಚಿಕೊಂಡು ತಿಂದಿತು. ನನ್ನ ಅಕ್ಷರ ದುಂಡಗಿವೆ ಎಂದು ಮೇಷ್ಟ್ರು ಹೊಗಳುತ್ತಿದ್ದರು. ಕೊನೆಯ ಹಾಳೆಯ ತನಕ ಅಲ್ಲಿಯೇ ನಿಂತಿದ್ದೆ.

ಮಾರನೆಯ ಬೆಳಿಗ್ಗೆ ಪರಮಶಿವಯ್ಯ ಕುರ್ಚಿ ಹೊರಿಸಿಕೊಂಡು ಬಂದ. ಬಸಮ್ಮನ ಜಗಲಿಯಲ್ಲಿ ಬಸಮ್ಮ, ಲೋಕೇಶ, ಜಯಶೀಲ. ಜಯಶೀಲಳ ಮುಖ ಬಿಳಿಚಿತ್ತು. ದೂರಿನ ನೋಟೀಸು ಅವಳಿಗೆ ತಲುಪಿದ್ದು ಅದೇ ಬೆಳಿಗ್ಗೆ. ಮಾತು ಬರೆಯಬಾರದು ಎಂಬ ನಿಯಮ ಅವಳಿಗೂ ಗೊತ್ತು, ನಾನು ಎಂಥವಳು ಎಂಬುದು ಗೊತ್ತಿಲ್ಲ. ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಕೈಯಲ್ಲಿ ಬೆಂಕಿಕಡ್ಡಿ ಹಿಡಿದು ಹುಲ್ಲಿನ ಬಣವೆಯ ಹತ್ತಿರ ನಿಂತವರನ್ನು ಹಾಗೆ ನೋಡುತ್ತಾರೆ.

“ಪುಸ್ತಕ ಎಲ್ಲಿ ತಾಯಿ?”

“ಮೇಕೆ ತಿಂತು.”

ಗುಮಾಸ್ತ ಲೇಖನಿ ಕೆಳಗಿಟ್ಟ. “ಯಾವ ಮೇಕೆ?” ದಾಸಪ್ಪ ಕೆಳಗಿನಿಂದಲೇ, “ನಮ್ಮದು ಸ್ವಾಮಿ, ಅದಕ್ಕೆ ಸರಸ್ವತಿ ಅಂದ್ರೆ ಪ್ರಾಣ” ಅಂದ. ಬೀದಿ ನಕ್ಕಿತು. ಪರಮಶಿವಯ್ಯ ನಗಲಿಲ್ಲ. “ಪುಸ್ತಕ ಇಲ್ಲದಿದ್ರೂ ಕೆಳಗಿನ ಮನೆಯವರ ರುಜು ಇದ್ರೆ ನಾನೇ ಬಂದು ಕೂತು ಮೂರು ದಿನ ಕೇಳಬಹುದು, ಹಾಗಂತ ನಿಯಮ ಇದೆ. ಚನ್ನವೀರಪ್ಪನವರೇ, ರುಜು ಹಾಕ್ತೀರಾ?”

ಹಿಂದಿನ ಸಂಜೆಯೇ ನಾನು ಅವರ ಜಗಲಿಗೆ ಹೋಗಿ ರುಜು ಹಾಕಬೇಡಿ ಎಂದು ಕೇಳಿಕೊಂಡಿದ್ದೆ. ಅವರು ಒಪ್ಪಿರಲಿಲ್ಲ. ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ, ಒಂದು ಸ್ಪ್ರಿಂಗು ಹಿಡಿದು ಸುತ್ತುತ್ತ ಕೂತಿದ್ದರು. ಈಗ ಎದ್ದು ನಿಂತರು. “ಹಾಕೋಕಾಗಲ್ಲ. ನಂಜಮ್ಮನವರ ಮನೆ ಸದ್ದು ಮಿತಿ ಮೀರಿದೆ.”

ಜಯಶೀಲ ತಲೆ ಎತ್ತಿದಳು.

“ಎಂಥ ಸದ್ದು?” ಗುಮಾಸ್ತ ಕೇಳಿದ.

“ಓದು.”

“ಎಷ್ಟು ದಿನದಿಂದ?”

“ಹನ್ನೊಂದು ವರ್ಷ.”

“ಹನ್ನೊಂದು ವರ್ಷ ಸುಮ್ಮನಿದ್ರಾ?”

“ಒತ್ತಕ್ಷರ ಕಲಿಯೋ ತನಕ ಸುಮ್ಮನಿರೋಣ ಅಂತ ಇದ್ದೆ. ಆಮೇಲೆ ಅವರು ಒಂದು ಕಥೆ ಪುಸ್ತಕ ಶುರುಮಾಡಿದ್ರು. ಆ ರಾಜಕುಮಾರಿ ಬಾವಿಯಿಂದ ಎದ್ದು ಬರಲಿ ಅಂತ ಇದ್ದೆ. ಹೀಗೇ ಆಯ್ತು.” ಅವರು ಸುಳ್ಳು ಹೇಳುತ್ತಿಲ್ಲ ಎಂಬುದರಿಂದಲೇ ನನಗೆ ಹೆಚ್ಚು ನೋವಾಯಿತು.

ಗುಮಾಸ್ತ ನಿಯಮದ ಪುಸ್ತಕ ತಿರುವಿ ಹಾಕಿ, ಆರು ತಿಂಗಳು ನಾನು ಓದುವುದನ್ನೂ ಬರೆಯುವುದನ್ನೂ ಜಗಲಿಯ ಮೇಲೆಯೇ ಮಾಡಬೇಕೆಂದು ಬರೆದುಕೊಂಡು ಹೊರಟ. ಹೋಗುವಾಗ, “ನಿಮ್ಮಂಥವರೇ ಹೀಗಾದ್ರೆ” ಎಂದು ಗೊಣಗಿದ. ಅವತ್ತು ಹನ್ನೆರಡಕ್ಕೆ ಒನಕೆ ಎಂದಿನ ಹಾಗೆ ಬಿತ್ತು. ನಾನು ಮಾತ್ರೆ ನುಂಗಿ ಮಲಗಿ ಕೇಳಿದೆ. ಮೊದಲ ಕಾಲು ತಾಸು ಪೂರ್ತಿ ನನಗೇ ಮೀಸಲಾಗಿತ್ತು. “ಕೆಳಗಿನ್ಮನೆ ಗೂಬೆ, ನಾಲಿಗೆ ಮೇಲೆ ನಿನ್ನ ಮಾತ್ರೆ ಕರಗದೇ ಇರಲಿ” ಅಂದಳು. ಅನ್ನಲಿ ಎಂದುಕೊಂಡೆ. ಅವಳಿಗೆ ಏನು ತಪ್ಪಿತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಜಗಲಿಯಲ್ಲಿ ಓದುವುದೆಂದರೆ ಮೊದಲ ಸಲ ನನ್ನ ದನಿ ನಾನು ಕೇಳಿದ್ದು, ಅಂದರೆ ಓದುವ ದನಿ. ತಗಡಿನ ಮೇಲೆ ಮೊಳೆ ಎಳೆದ ಹಾಗಿತ್ತು. ಎರಡು ದಿನ ಬಾಯಿ ತೆರೆಯಲೇ ಇಲ್ಲ. ಆಮೇಲೆ ಬೀದಿಯವರೇ ಒಂದೊಂದು ತಂದುಕೊಡತೊಡಗಿದರು. ರೋಸಮ್ಮ ಔಷಧಿಯ ಚೀಟಿ ತಂದಳು, ರಜಾಕ್ ಸಾಹೇಬರು ಪೇಪರು ತಂದರು.

ಶಿಕ್ಷೆಯ ಹದಿನೆಂಟನೆಯ ದಿನ ಚಿದಾನಂದನ ಕಾಗದ ಬಂತು. ಹನ್ನೊಂದು ಗಂಟೆ, ಕುಟ್ಟುವ ಹೊತ್ತಿಗೆ ಇನ್ನೂ ಒಂದು ತಾಸು ಇತ್ತು. ಜಯಶೀಲ ತನ್ನ ಜಗಲಿಯಲ್ಲಿ ಮೊರ ಇಟ್ಟುಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಬಸಮ್ಮ ಗೋಡೆ ಹಿಡಿದು ಹಿಡಿದು ನನ್ನ ಜಗಲಿಗೆ ಬಂದಳು. ಕೈಯಲ್ಲಿ ಕಾಗದ ಒಡೆಯದೆ ಹಾಗೆಯೇ ಇತ್ತು.

“ಅತ್ತೇ, ಇಲ್ಲಿ ಕೊಡಿ, ನಾನು ಓದ್ತೀನಿ” ಎಂದು ಜಯಶೀಲ ಎದ್ದಳು.

“ನೀನು ಕೆಲಸ ನೋಡ್ಕೋ ಮಗಳೇ. ನಂಜಿಗೆ ಕಚೇರಿಯವರೇ ಬರೆಯೋ ಕೆಲಸ ಕೊಟ್ಟಿದ್ದಾರೆ. ಓದೋದು ಆಮೇಲಾಗಲಿ, ಮೊದಲು ಉತ್ತರ ಬರೀಲಿ.”

“ಓದದೆ ಏನಂತ ಉತ್ತರ ಬರೆಸ್ತೀರಿ?”

“ಚೆನ್ನಾಗಿದ್ದೀನಿ ಅಂತ ತಾನೇ ಬರೆದಿರ್ತಾನೆ.” ಬಸಮ್ಮ ನನ್ನ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. “ಮೊದಲು ಮೇಲೆ ವಿಳಾಸ ಬರಿ ನಂಜಿ.”

ನನಗೆ ಆ ವಿಳಾಸ ಬಾಯಿಪಾಠ, ಬೀದಿಗೆಲ್ಲ ಬಾಯಿಪಾಠ. ಅಣೆಕಟ್ಟಿನ ಕ್ಯಾಂಪು, ಮೂರನೇ ಶೆಡ್ಡು ಎಂದು ಬರೆಯಲು ಹೋದೆ. ಬಸಮ್ಮ ನನ್ನ ಕೈ ಮೇಲೆ ಕೈ ಇಟ್ಟಳು.

“ಅದಲ್ಲ. ಮೂರು ವರ್ಷದಿಂದ ಅಮ್ಮ ಅನ್ನೋಳು ಒಂದು ಅಕ್ಷರ ಕಳಿಸಿಲ್ಲ ಅಂತ ಕೂತಿರ್ತಾನೆ ಅವನು. ಸೆಂಟ್ರಲ್ ಜೈಲು ಅಂತ ಬರಿ.” ಜಗಲಿಯಲ್ಲಿ ಆಡುವ ದನಿಯಲ್ಲೇ ಹೇಳಿದಳು. ಕೂಗಲಿಲ್ಲ, ಪಿಸುಗುಟ್ಟಲೂ ಇಲ್ಲ. “ಅದರ ಕೆಳಗೆ ಏನು ಬರೀಬೇಕೋ ನಂಗೊತ್ತಿಲ್ಲ.”

ಚನ್ನವೀರಪ್ಪನವರ ಮೇಜಿನ ಮೇಲೆ ಏನೋ ಉರುಳಿ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ. ನಾನು ಮೇಲಿನ ಜಗಲಿಯ ಕಡೆ ನೋಡಲಾರದೆ, ಬರೆದ ಎರಡು ಪದಗಳನ್ನೇ ನೋಡುತ್ತ ಕೂತೆ. ಬಸಮ್ಮನೂ ತಿರುಗಲಿಲ್ಲ. ಮೊರ ನೆಲಕ್ಕಿಟ್ಟ ಸದ್ದು ಕೇಳಿತು. ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಒಳಗೆ ಹೋಗಿಬಿಟ್ಟಳೇ ಅಂದುಕೊಂಡೆ. ಒಳಗೆ ಹೋದರೆ ಇನ್ನು ಅವಳ ಗಂಟುಮೂಟೆ ಕಟ್ಟುವ ಸದ್ದು ನನ್ನ ಮನೆಗೆ ಇಳಿಯುತ್ತದೆ, ಅದನ್ನೂ ನಾನೇ ಕೇಳಬೇಕು ಎಂದುಕೊಂಡೆ.

ಬಳೆಯ ಸದ್ದು ಹತ್ತಿರವೇ ಆಯಿತು. ಜಯಶೀಲ ಬಂದು ನನ್ನ ಜಗಲಿಯ ಕೆಳಗಿನ ಮೆಟ್ಟಿಲಿನಲ್ಲಿ, ಅತ್ತೆಗೆ ಬೆನ್ನು ಹಾಕಿ ಕೂತಳು. ಖಾರದ ಕೈ ಕಣ್ಣಿಗೆ ತಾಗದ ಹಾಗೆ ಮುಂಗೈಯಿಂದ ಮುಖ ಒರೆಸಿಕೊಂಡಳು.

“ಕೈದಿ ನಂಬರ್ ಹಾಕದಿದ್ರೆ ಅವರು ಕಾಗದ ಒಳಗೆ ಕೊಡಲ್ಲ” ಅಂದಳು. “ನಾನೂರ ಹನ್ನೆರಡು ಅಂತ ಬರೀರಿ.”